ಅರವತ್ತಕ್ಕೆ ಕೂಡಿಸುವುದು

ಆಷಾಢದ ಮೋಡ. ಕಲಬುರಗಿಯ ದಾಲ್ ಮಿಲ್ಲಿನ ಅಂಗಳ ಖಾಲಿ. ಬಿಸಿಲಿದ್ದರೆ ಎಣ್ಣೆ ಹಚ್ಚಿದ ತೊಗರಿ ಇಲ್ಲಿ ಹರವಿರುತ್ತಿತ್ತು. ಇವತ್ತು ಡ್ರೈಯರಿನ ಹೊಟ್ಟೆಯಲ್ಲಿದೆ. 2019ರಲ್ಲಿ ಜಿಐ ಮಾನ್ಯತೆ ಪಡೆದ ಬೇಳೆಯ ಊರಿದು. ಶಾಖ ಕಡಿಮೆಯಾದರೆ ಸಿಪ್ಪೆ ಬಿಡದು, ಹೆಚ್ಚಾದರೆ ಬೇಳೆಯ ಬಣ್ಣ ಕೆಡುತ್ತದೆ.

ಗೋಡೆಯಲ್ಲಿ ಅಂಗೈಯಗಲದ ಕಂಟ್ರೋಲರ್. ಕೆಳಗೆ ಹಸಿರಂಕಿ: ಬೇಕಾದ ಶಾಖ, 60. ಮೇಲೆ ಕೆಂಪಂಕಿ: ಈಗಿನ ಶಾಖ. ಅದು 67ಕ್ಕೆ ಹಾರುತ್ತದೆ, 54ಕ್ಕೆ ಕುಸಿಯುತ್ತದೆ, ಮತ್ತೆ ಹಾರುತ್ತದೆ. ಬಿಸಿಗಾಳಿಯ ವಾಲ್ವಿಗೆ ಬಿಡುವಿಲ್ಲ.

"ನಮ್ ಹುಡುಗ ಲಗೂ ಕಾಯ್ಲಿ ಅಂತ ಗೇನ್ ಏರಿಸ್ಯಾನ್ರಿ," ಎಂದರು ಹಿರಿಯ ಮೇಸ್ತ್ರಿ, ಕನ್ನಡಕ ಹಣೆಗೇರಿಸಿ.

ಕಂಟ್ರೋಲರ್ ವಾಲ್ವನ್ನು ಆಡಿಸುವ ಸೂತ್ರ ಮೂರು: 'ಪಿ', 'ಐ', 'ಡಿ'. ಮೇಸ್ತ್ರಿ 'ಐ', 'ಡಿ' ಎರಡನ್ನೂ ಸೊನ್ನೆ ಮಾಡಿದರು. 'ಪಿ'ಯ ಗೇನನ್ನು, ಎಂದರೆ ಕೊರತೆಗೆ ವಾಲ್ವು ಓಗೊಡುವ ಜೋರನ್ನು, ಅರ್ಧಕ್ಕಿಳಿಸಿದರು. ಚಹಾ ಬಂತು, ಕುಡಿದೆವು. ತೂಗಾಟ ಸಣ್ಣದಾಗುತ್ತ ಕೆಂಪಂಕಿ 57ಕ್ಕೆ ಕೂತಿತು.

ಅರವತ್ತೇಕಿಲ್ಲ? ಕೊರತೆ ಎಷ್ಟೋ ಅಷ್ಟೇ ವಾಲ್ವು ತೆರೆಯುವುದು 'ಪಿ'ಯ ಗುಣ. ಕೊರತೆ ಪೂರಾ ತೀರಿದರೆ ವಾಲ್ವು ತೆರೆದಿಡಲು ಅದಕ್ಕೆ ನೆಪವೇ ಇರದು. ಹಾಗಾಗಿ ಮೂರು ಡಿಗ್ರಿ ಬಾಕಿ ಉಳಿಸಿಕೊಳ್ಳುತ್ತದೆ. ಆ ಬಾಕಿಯನ್ನು ಅಡತಿ ಅಂಗಡಿಯ ಮುನೀಮನಂತೆ ಗಳಿಗೆ ಗಳಿಗೆಗೂ ಖಾತೆಗೆ ಕೂಡಿಸಿ ವಸೂಲು ಮಾಡುವುದು 'ಐ'. ಮೇಸ್ತ್ರಿ ಅದನ್ನು ತುಸುವೇ ಸೇರಿಸಿದರು. 58... 59... 60. ಏರುವ ವೇಗ ಕಂಡು ಮುಂಚೆಯೇ ಕೈ ಹಿಡಿಯುವ 'ಡಿ'ಯನ್ನು ಮುಟ್ಟಲಿಲ್ಲ. "ಗಾಳಿ ಜರಾ ಅಲುಗಿದ್ರೂ ಬೆದರ್ತದ್ರಿ ಅದು."

1922ರಲ್ಲಿ ನಿಕೊಲಾಸ್ ಮಿನೋರ್ಸ್ಕಿ ಈ ಮೂರರ ಲೆಕ್ಕ ಬರೆದದ್ದು ಹಡಗಿನ ಚುಕ್ಕಾಣಿ ಹಿಡಿಯುವವರ ಕೈ ನೋಡಿ. ಅಂಕಿ ಒಂದೇ ಲಯದಲ್ಲಿ ತೂಗುವವರೆಗೆ ಗೇನ್ ಏರಿಸಿ, 'ಪಿ' ಒಂದೇ ಇದ್ದರೆ ಅರ್ಧಕ್ಕಿಳಿಸಿ ಎಂದು 1942ರಲ್ಲಿ ಜೀಗ್ಲರ್, ನಿಕೋಲ್ಸ್ ಹೇಳಿದರು. ಮೇಸ್ತ್ರಿಯ ಹುಡುಗ ಅರಿಯದೆ ಅದರ ಮೊದಲರ್ಧ ಮಾಡಿಟ್ಟಿದ್ದ.

ಸಂಜೆ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರ, ಜಿಐ ಮಾನ್ಯತೆಯ ಕೆಂಪು ಬಾಳೆಯ ಊರು. ಪರಿಚಯದವರ ಹಣ್ಣು ಮಾಗಿಸುವ ಕೋಣೆಯಲ್ಲಿ 'ಪಿ'ಯೂ ಇಲ್ಲ, 'ಐ'ಯೂ ಇಲ್ಲ. 18 ಮುಟ್ಟಿದರೆ ಕಂಪ್ರೆಸರ್ ಶುರು, 16ಕ್ಕೆ ಬಂದ್. ನಡುವಿನ ಅಂತರ ಕಿರಿದಾದಷ್ಟೂ ಅದು ಪದೇಪದೇ ಹತ್ತಿ, ಆರಿ ಸವೆಯುತ್ತದೆ. ಮಾಗುವ ಹಣ್ಣು ತಾನೂ ಶಾಖ ಬಿಡುತ್ತದೆ. ಆದರೆ ಗೊನೆಗಳ ರಾಶಿ ಭಾರ, ಬಿಸಿಯಾಗಲೂ ನಿಧಾನ, ತಣಿಯಲೂ ನಿಧಾನ. ಎರಡು ಡಿಗ್ರಿಯ ಏರಿಳಿತ ಅದರ ಒಳಗೆ ಮುಟ್ಟುವಷ್ಟರಲ್ಲಿ ಕರಗಿರುತ್ತದೆ.

"ಇಲ್ಲಿಗೂ ಮಿಲ್ಲಿನ ಪೆಟಗಿ ಹಚ್ಚಬಾರದೇನು?" ಎಂದೆ.

ಕೋಣೆ ಕಾಯುವ ಅಜ್ಜ ನಕ್ಕರು. "ಬಾಳಿಗೇನು ಗಡಿಬಿಡಿ ಅದ ಮಾರಾಯಾ?"

ಕಂಪ್ರೆಸರ್ ನಿಂತಿತು. ಅಜ್ಜ ಅಂಕಿ ನೋಡಲಿಲ್ಲ. ಸದ್ದು ನಿಂತ ಗುರುತಿಗೆ ಬೀಡಿ ಹಚ್ಚಲು ಹೊರಗೆದ್ದು ಹೋದರು.