ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರ

ಶಿರಸಿ ಕಡೆಯ ಓದುಗರೊಬ್ಬರದು ಅಪ್ಪೆಮಿಡಿ ಉಪ್ಪಿನಕಾಯಿ ವ್ಯಾಪಾರ. ಗೂಗಲ್‌ನಲ್ಲಿ ಮೊದಲ ಸ್ಥಾನ ಕೊಡಿಸುತ್ತೇನೆಂದು ಬಂದವನೊಬ್ಬ, ವೆಬ್‌ಸೈಟಿನ ಬುಡದಲ್ಲಿ ‘ಅಪ್ಪೆಮಿಡಿ’ ಎಂದು ಇನ್ನೂರು ಸಲ, ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ ಬರೆಯೋಣ ಅಂದನಂತೆ. ಗಿರಾಕಿಗೆ ಕಾಣದು, ಯಂತ್ರಕ್ಕೆ ಕಾಣುತ್ತದೆ. ಇದರಲ್ಲಿ ತಪ್ಪೇನು ಎಂಬುದು ಅವರ ಪ್ರಶ್ನೆ.

ಯಂತ್ರಕ್ಕೊಂದು ಮುಖ, ಮನುಷ್ಯರಿಗೊಂದು ಮುಖ ತೋರಿಸುವುದೇ ತಪ್ಪು. 2006ರ ಫೆಬ್ರವರಿಯಲ್ಲಿ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ತಾಣ ಸಿಕ್ಕಿಬಿದ್ದದ್ದು ಇದರಲ್ಲೇ. ಗೂಗಲ್‌ನ ಪುಟ ಓದುವ ಯಂತ್ರ, ಅಂದರೆ ಕ್ರಾಲರ್, ಬಂದಾಗ ಅದಕ್ಕೆ ಸಿಗುತ್ತಿದ್ದುದು ಬರೀ ಅಕ್ಷರಗಳ ಪುಟ. ಅದರ ತುಂಬ ‘ಗೆಬ್ರೌಖ್ಟ್‌ವಾಗೆನ್’, ಅಂದರೆ ಬಳಸಿದ ಕಾರು, ಎಂಬ ಪದ ಮತ್ತೆ ಮತ್ತೆ. ಮನುಷ್ಯರು ಅದೇ ಕೊಂಡಿ ಒತ್ತಿದರೆ ಜಾವಾಸ್ಕ್ರಿಪ್ಟ್ ಅವರನ್ನು ರೆಪ್ಪೆ ಮಿಟುಕಿಸುವಷ್ಟರಲ್ಲಿ ಹೊಳೆಯುವ ಚಿತ್ರಗಳ ಇನ್ನೊಂದು ಪುಟಕ್ಕೆ ದಾಟಿಸುತ್ತಿತ್ತು. ಕ್ರಾಲರ್ ಮಾತ್ರ ಹೊಸ್ತಿಲಲ್ಲೇ ನಿಂತು ಓದುತ್ತಿತ್ತು. ಜಗತ್ತೇ ಬಲ್ಲ ಹೆಸರಿಗೆ ಇಂಥ ಕಳ್ಳಬಾಗಿಲು ಬೇಕಿತ್ತೇ? ಗೂಗಲ್ ಇಡೀ ತಾಣವನ್ನೇ ಹುಡುಕಾಟದಿಂದ ಕಿತ್ತುಹಾಕಿತು. ಆ ಪುಟಗಳನ್ನು ತೆಗೆದ ಮೇಲೆ ಕೆಲವೇ ದಿನಗಳಲ್ಲಿ ಮತ್ತೆ ಸೇರಿಸಿಕೊಂಡಿತು.

ಕೊಂಡಿಗಳ ವ್ಯಾಪಾರವೂ ಇದೇ ಜಾತಿಯದು. ಒಂದು ಪುಟ ಇನ್ನೊಂದಕ್ಕೆ ಕೊಡುವ ಕೊಂಡಿಯನ್ನು ಶಿಫಾರಸು ಎಂದು ಎಣಿಸುವ ಉಪಾಯವನ್ನು ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ 1998ರಲ್ಲಿ ಪ್ರಕಟಿಸಿದರು. ದುಡ್ಡು ಕೊಟ್ಟು ಶಿಫಾರಸು ಕೊಂಡರೆ ಆ ಎಣಿಕೆಗೇ ಬೆಲೆಯಿಲ್ಲ.

ಇನ್ನೊಂದು ಮೂಢನಂಬಿಕೆ, ಪುಟದ ಕೋಡಿನಲ್ಲಿ ಹುಡುಕುಪದಗಳನ್ನು ಪಟ್ಟಿ ಮಾಡುವ ‘ಕೀವರ್ಡ್ಸ್ ಮೆಟಾ ಟ್ಯಾಗ್’. ಶ್ರೇಯಾಂಕಕ್ಕೆ ಅದನ್ನು ಲೆಕ್ಕಿಸುವುದೇ ಇಲ್ಲ ಎಂದು ಗೂಗಲ್ 2009ರಲ್ಲೇ ಹೇಳಿತು. ಅದನ್ನು ತುಂಬಿಸಿ ಗೂಗಲ್‌ನಲ್ಲಿ ಮೇಲೇರಿಸುತ್ತೇವೆಂದು ಇಂದಿಗೂ ಹಣ ಕೀಳುವುದು ತಾಯಿತ ಮಾರಿದ ಹಾಗೆ. ದಯವಿಟ್ಟು ಕೊಡಬೇಡಿ.

ಶಿರಸಿಯವರ ತಾಣ ತೆರೆದು ನೋಡಿದೆ. ಅಲ್ಲೂ ಎರಡು ಮುಖ, ಆದರೆ ಯಾವ ಮೋಸವೂ ಇಲ್ಲದೆ! ಬೆಲೆಪಟ್ಟಿ ಹಳೆಯ ನುಡಿ ಫಾಂಟಿನಲ್ಲಿದೆ. ನಮ್ಮ ಕಣ್ಣಿಗೆ ಕನ್ನಡ. ಯಂತ್ರಕ್ಕೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ. ಮಿಕ್ಕ ವಿವರವೆಲ್ಲ ಭರಣಿಯ ಫೋಟೋದೊಳಗೆ. ಮೊದಲು ಬೆಲೆಪಟ್ಟಿಯನ್ನು ಯೂನಿಕೋಡ್‌ಗೆ ತನ್ನಿ. ಫೋಟೋಗೆ ಪರ್ಯಾಯ ಪಠ್ಯ ಬರೆಯಿರಿ. ಸ್ಕ್ರೀನ್ ರೀಡರ್ ಬಳಸುವ ಅಂಧರಿಗೂ ಅದು ಬೇಕು. ಯಾವ ಹೊಳೆದಂಡೆಯ ಮರದ ಮಿಡಿ, ಸೊನೆಯ ಪರಿಮಳ ಎಂಥದು, ಉಪ್ಪಿನಲ್ಲಿ ಎಷ್ಟು ದಿನ ಇಟ್ಟಿರಿ, ಎಷ್ಟು ಕಾಲ ಕೆಡದು, ಎಲ್ಲವನ್ನೂ ಹೇಳಿ. ದೂರದೂರಲ್ಲಿ ಕೂತು ಅಮ್ಮನ ಭರಣಿ ನೆನಪಾದವರು ಹುಡುಕುವುದು ಇವೇ ಮಾತುಗಳನ್ನು.