ಹಿತ್ತಲ ಹೊಂಡದಲ್ಲಿ ಮೀನು: ನೀರಿನ ಲೆಕ್ಕ, ಉಸಿರಿನ ಲೆಕ್ಕ

ಬೇಸಿಗೆಯ ಒಂದು ಮುಂಜಾನೆ ಲಕ್ಷ್ಮೇಶ್ವರದ ಬಳಿಯ ಹಳ್ಳಿಯಿಂದ ಪರಿಚಿತ ಶಿಕ್ಷಕರೊಬ್ಬರು ಫೋನ್ ಮಾಡಿದರು. "ಸರ್, ಹೊಂಡದಾಗಿನ ಮೀನೆಲ್ಲ ಮ್ಯಾಲೆ ಬಂದು ಬಾಯಿ ತಗೀಲಿಕ್ಕತ್ತಾವ. ಹತ್ತು ಹನ್ನೆರಡು ಸತ್ತೂ ಹೋಗ್ಯಾವ. ರಾತ್ರಿ ಯಾರೋ ವಿಷ ಹಾಕ್ಯಾರಂತ ಮನ್ಯಾಗ ಅನ್ನಾಕತ್ತಾರ" ಎಂದರು. ಪಕ್ಕದ ಹೊಲದವರೊಡನೆ ಬದುವಿನ ತಂಟೆ ಇದ್ದುದರಿಂದ ಅನುಮಾನ ಆ ಕಡೆಗೇ ಹೋಗಿತ್ತು. ನಾನು ಕೇಳಿದ್ದು ಮೂರು ಪ್ರಶ್ನೆ. ನೀರಿನ ಬಣ್ಣ ಹೇಗಿದೆ? ನಿನ್ನೆ ಮೋಡವಿತ್ತೇ? ಮೇವು ಎಷ್ಟು ಹಾಕುತ್ತೀರಿ? ನೀರು ಕಡುಹಸಿರು, ಎರಡು ದಿನದಿಂದ ಮೋಡ, ಮೇವು ಕೈಗೆ ಬಂದಷ್ಟು ಎಂಬ ಉತ್ತರ ಬಂತು. ಅಲ್ಲಿ ವಿಷದ ಮಾತೇ ಇರಲಿಲ್ಲ. ಮೀನಿಗೆ ಉಸಿರು ಸಾಲದೆ ಹೋಗಿತ್ತು.

2014ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭವಾದ ಮೇಲೆ ಗದಗ, ಶಿರಹಟ್ಟಿ, ಮುಂಡರಗಿ ಭಾಗದ ಒಣಭೂಮಿಯಲ್ಲಿ ಕೃಷಿ ಹೊಂಡ ಎಂಬುದು ಮನೆಮಾತಾಯಿತು. ಹೊಂಡವಿದ್ದಲ್ಲಿ 'ನಾಲ್ಕು ಮೀನು ಬಿಟ್ಟರೇನು?' ಎಂಬ ಯೋಚನೆ ಸಹಜ. ಮನೆಗೆ ಆಹಾರವಾಯಿತು, ಮಕ್ಕಳಿಗೆ ಭಾನುವಾರ ಗಾಳ ಹಾಕುವ ಸಂತೋಷವೂ ಆಯಿತು. ಆದರೆ ಮೀನು ಬಿಡುವ ಮೊದಲು ಎರಡು ಲೆಕ್ಕ ಮಾಡಬೇಕು. ಎರಡೂ ಪ್ರೌಢಶಾಲೆಯ ಗಣಿತ, ಭೌತಶಾಸ್ತ್ರಗಳಲ್ಲೇ ಇವೆ.

ನೀರಿನ ಲೆಕ್ಕ

ಮೇಲ್ಭಾಗದಲ್ಲಿ 10 ಮೀಟರ್ ಉದ್ದ, 10 ಮೀಟರ್ ಅಗಲ, 2 ಮೀಟರ್ ಆಳದ ಹೊಂಡವೊಂದನ್ನು ಊಹಿಸಿಕೊಳ್ಳಿ. ಬದಿಗಳ ಇಳಿಜಾರು 1:1 ಆದರೆ ತಳ 6 ಮೀಟರ್ ಚೌಕ. ಚೌಕ ತಳದ ಮೊಟಕು ಪಿರಮಿಡ್‌ನ ಸೂತ್ರ ಬಳಸಿದರೆ ಗಾತ್ರ ಸುಮಾರು 130 ಘನ ಮೀಟರ್, ಅಂದರೆ 1 ಲಕ್ಷ 30 ಸಾವಿರ ಲೀಟರ್.

ಇದು ಎಷ್ಟು ದಿನ ಉಳಿದೀತು? ಗದಗ ಸೀಮೆಯ ವಾರ್ಷಿಕ ಮಳೆ ಸುಮಾರು 600 ಮಿ.ಮೀ. ಆದರೆ ತೆರೆದ ನೀರಿನಿಂದ ವರ್ಷಕ್ಕೆ ಆವಿಯಾಗುವುದು ಇದರ ಎರಡು ಪಟ್ಟಿಗೂ ಮಿಕ್ಕಿ. ಬೇಸಿಗೆಯಲ್ಲಿ ದಿನಕ್ಕೆ 7-8 ಮಿ.ಮೀ. ಆವಿಯಾಗುವುದೆಂದರೆ ಪ್ರತಿ ಚದರ ಮೀಟರಿಗೆ 7-8 ಲೀಟರ್. ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 2.4 ಮೆಗಾಜೂಲ್ ಗುಪ್ತೋಷ್ಣ ಬೇಕು. ಹೊಂಡದ ಮೇಲೆ ಬೀಳುವ ಬಿಸಿಲಿನ ಹೆಚ್ಚಿನ ಪಾಲು ಈ ಕೆಲಸಕ್ಕೇ ಖರ್ಚಾಗುತ್ತದೆ.

ಅಕ್ಟೋಬರ್ ಕೊನೆಗೆ ಹೊಂಡ ತುಂಬಿದೆ, ಆಮೇಲೆ ಮಳೆ ಇಲ್ಲ ಎಂದುಕೊಳ್ಳಿ. ಚಳಿಗಾಲದ ಮೂರು ತಿಂಗಳಲ್ಲಿ ದಿನಕ್ಕೆ 4.5 ಮಿ.ಮೀ.ನಂತೆ 40 ಸೆಂ.ಮೀ. ಹೋಗುತ್ತದೆ. ಫೆಬ್ರುವರಿ-ಮಾರ್ಚ್‌ನಲ್ಲಿ ದಿನಕ್ಕೆ 7 ಮಿ.ಮೀ.ನಂತೆ ಇನ್ನೊಂದು 40 ಸೆಂ.ಮೀ. ಮಾರ್ಚ್ ಕೊನೆಗೆ ಉಳಿಯುವ ಆಳ 1.2 ಮೀಟರ್. ಬದಿಗಳು ಇಳಿಜಾರಾದ್ದರಿಂದ ನೀರು ಮಾತ್ರ ಅರ್ಧಕ್ಕಿಂತ ಕಡಿಮೆ, ಸುಮಾರು 63 ಸಾವಿರ ಲೀಟರ್. ಮೇ ಕೊನೆಗೆ ಆಳ 70 ಸೆಂ.ಮೀ., ನೀರು 31 ಸಾವಿರ ಲೀಟರ್.

ಇದು ಒಂದು ಹನಿಯೂ ಇಂಗದ ಹೊಂಡದ ಮಾತು. ದಿನಕ್ಕೆ 3 ಮಿ.ಮೀ. ಇಂಗಿದರೂ ಮೇ ಕೊನೆಗೆ ತಳ ಕಾಣುತ್ತದೆ. ಎರೆ ಮಣ್ಣು ಹಸಿಯಾದಾಗ ಹಿಗ್ಗಿ ನೀರನ್ನು ಹಿಡಿಯುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ. ಮಸಾರಿ ನೆಲದಲ್ಲಿ ಇಂಗುವಿಕೆ ಹೆಚ್ಚು. ಅಲ್ಲಿ ಪ್ಲಾಸ್ಟಿಕ್ ಹೊದಿಕೆ ಇಲ್ಲದೆ ಮೀನಿನ ಯೋಚನೆ ಬೇಡ.

ಹಾಗಾದರೆ ಕೊಳವೆಬಾವಿಯಿಂದ ತುಂಬಿಸಬಹುದಲ್ಲ? ಕುಡಿಯುವ ನೀರಿಗೇ ಪರದಾಡುವ ಊರಿನಲ್ಲಿ ಆಳದ ನೀರನ್ನು ಎತ್ತಿ ಬಿಸಿಲಿಗೆ ಕೊಡುವುದು ಸರಿಯಲ್ಲ. ಮೀನಿಗಾಗಿ ನೀರು ಹುಡುಕುವುದಕ್ಕಿಂತ ಇರುವ ನೀರಿಗೆ ತಕ್ಕಂತೆ ಮೀನು ಸಾಕುವುದು ಲೇಸು. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಕನಿಷ್ಠ ಒಂದೂಕಾಲು ಮೀಟರ್ ನೀರು ನಿಂತ ಮೇಲೆ ಮರಿ ಬಿಡಿ. ಮಾರ್ಚ್ ಮುಗಿಯುವುದರೊಳಗೆ ಹಿಡಿದುಬಿಡಿ. ಉಳಿದ ನೀರು ಗಿಡಮರಗಳಿಗೆ. ಮೀನಿನ ಸಾರವಿರುವ ಆ ನೀರು ಒಳ್ಳೆಯ ಗೊಬ್ಬರವೂ ಹೌದು.

ಎಷ್ಟು ಮರಿ, ಯಾವ ಮರಿ?

ಕಾಟ್ಲಾ ನೀರಿನ ಮೇಲ್ಪದರದಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಆಹಾರ ಹುಡುಕುತ್ತವೆ. ಮೂರನ್ನೂ ಸೇರಿಸಿ ಬಿಟ್ಟರೆ ಒಂದರ ತುತ್ತಿಗೆ ಇನ್ನೊಂದು ಕೈ ಹಾಕುವುದಿಲ್ಲ. ಈ ಜಾತಿಗಳು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲ. 1957ರಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಇವುಗಳಿಂದ ಮೊಟ್ಟೆಯಿಡಿಸುವಲ್ಲಿ ಯಶಸ್ವಿಯಾದರು. ಆ ದಿನದ ನೆನಪಿಗಾಗಿ ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನ. ಇಂದು ನಮಗೆ ಸಿಗುವ ಮರಿಗಳೆಲ್ಲ ಆ ಪ್ರಯೋಗದ ಫಲ.

ಗಾಳಿ ಊದುವ ಯಂತ್ರವಿಲ್ಲದ ಮನೆಹೊಂಡಕ್ಕೆ 2 ಚದರ ಮೀಟರಿಗೆ ಒಂದು ಮರಿ ಸಾಕು. ನಮ್ಮ 100 ಚದರ ಮೀಟರ್ ಹೊಂಡಕ್ಕೆ 50 ಮರಿ: ಕಾಟ್ಲಾ 20, ರೋಹು 15, ಮೃಗಾಲ್ 15. ಬೆರಳಿಗಿಂತ ತುಸು ಉದ್ದ, 8-10 ಸೆಂ.ಮೀ. ಮರಿಗಳನ್ನೇ ಆರಿಸಿ. ತಂದ ಚೀಲವನ್ನು ಇಪ್ಪತ್ತು ನಿಮಿಷ ಹೊಂಡದಲ್ಲಿ ತೇಲಲು ಬಿಟ್ಟು, ಎರಡೂ ನೀರಿನ ಉಷ್ಣತೆ ಸಮವಾದ ಮೇಲೆ ಬಾಯಿ ಬಿಚ್ಚಿ. 'ಬೇಗ ಬೆಳೆಯುತ್ತದೆ' ಎಂದು ಯಾರಾದರೂ ಆಫ್ರಿಕನ್ ಕ್ಯಾಟ್‌ಫಿಷ್ ಕೊಟ್ಟರೆ ಬೇಡವೆನ್ನಿ. ಅದರ ಸಾಕಾಣಿಕೆ ನಮ್ಮಲ್ಲಿ ನಿಷಿದ್ಧ. ಮಳೆಯಲ್ಲಿ ಹೊಂಡ ಒಡೆದು ಹಳ್ಳ ಸೇರಿದರೆ ಅದು ಅಲ್ಲಿನ ಮೀನುಗಳನ್ನು ತಿಂದು ಹಾಕುತ್ತದೆ.

ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಪಾಲು ಬೆರೆಸಿ, ಮೀನುಗಳ ಒಟ್ಟು ತೂಕದ ನೂರಕ್ಕೆ 2-3ರಷ್ಟು ದಿನಕ್ಕೆ ಕೊಟ್ಟರೆ ಸಾಕು. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳಿಂದ ಭಯವಿಲ್ಲ; ಅವು ಹುಲ್ಲು, ಕಾಳು ತಿನ್ನುವ ಹಕ್ಕಿಗಳು. ಮಿಂಚುಳ್ಳಿ, ನೀರುಕಾಗೆಗಳು ಮಾತ್ರ ತಮ್ಮ ಪಾಲು ಕೇಳುತ್ತವೆ.

ಉಸಿರಿನ ಲೆಕ್ಕ

ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿ.ಗ್ರಾಂ ಆಕ್ಸಿಜನ್ ಇದೆ. 30 ಡಿಗ್ರಿ ಸೆಲ್ಸಿಯಸ್‌ನ ಒಂದು ಲೀಟರ್ ನೀರಿನಲ್ಲಿ ಗಾಳಿಯಿಂದ ಕರಗಬಲ್ಲದ್ದು 7.5 ಮಿ.ಗ್ರಾಂ ಮಾತ್ರ. 20 ಡಿಗ್ರಿಯಲ್ಲಿ ಇದು 9 ಮಿ.ಗ್ರಾಂ. ನೀರು ಬಿಸಿಯಾದಂತೆ ಆಕ್ಸಿಜನ್ ಕಡಿಮೆಯಾಗುತ್ತದೆ, ಅದೇ ಹೊತ್ತಿಗೆ ಮೀನಿನ ಬೇಡಿಕೆ ಹೆಚ್ಚುತ್ತದೆ.

ಮಾರ್ಚ್ ಕೊನೆಯ ನಮ್ಮ ಹೊಂಡವನ್ನೇ ತೆಗೆದುಕೊಳ್ಳಿ. 63 ಸಾವಿರ ಲೀಟರ್ ನೀರು, ಲೀಟರಿಗೆ 7 ಮಿ.ಗ್ರಾಂ; ಒಟ್ಟು ಆಕ್ಸಿಜನ್ ಸುಮಾರು 440 ಗ್ರಾಂ. ಐವತ್ತರಲ್ಲಿ 40 ಮೀನು ಉಳಿದು ಒಂದೊಂದೂ 400 ಗ್ರಾಂ ಬೆಳೆದಿದ್ದರೆ ಒಟ್ಟು ತೂಕ 16 ಕೆ.ಜಿ. ಒಂದು ಕೆ.ಜಿ. ಮೀನಿಗೆ ಗಂಟೆಗೆ ಸುಮಾರು 300 ಮಿ.ಗ್ರಾಂ ಬೇಕೆಂದರೆ, 12 ಗಂಟೆಯ ರಾತ್ರಿಗೆ ಎಲ್ಲ ಮೀನಿಗೂ ಸೇರಿ 58 ಗ್ರಾಂ. ಅಂದರೆ ಎಂಟರಲ್ಲಿ ಒಂದು ಪಾಲು!

ಹಾಗಿದ್ದರೆ ಮೀನು ಉಸಿರುಗಟ್ಟಿದ್ದೇಕೆ? ಉಳಿದ ಪಾಲನ್ನು ತಿಂದವರು ಯಾರು? ನೀರಿಗೆ ಹಸಿರು ಬಣ್ಣ ಕೊಟ್ಟ ಸೂಕ್ಷ್ಮ ಸಸ್ಯಗಳು ಮತ್ತು ತಳದ ಕೆಸರಿನ ಬ್ಯಾಕ್ಟೀರಿಯಾಗಳು. ಹಗಲಿನಲ್ಲಿ ದ್ಯುತಿಸಂಶ್ಲೇಷಣೆಯಿಂದ ಆಕ್ಸಿಜನ್ ಕೊಡುವ ಅದೇ ಹಸಿರು ರಾತ್ರಿಯಿಡೀ ಅದನ್ನು ಉಸಿರಾಡುತ್ತದೆ. ಮೋಡದ ದಿನ ಕೂಡಿಟ್ಟದ್ದು ಕಡಿಮೆ, ರಾತ್ರಿಯ ಖರ್ಚು ಮಾತ್ರ ಅಷ್ಟೇ. ತಿನ್ನದೆ ಉಳಿದ ಮೇವು ಕೊಳೆತು ಎರಡು ಬಗೆಯಲ್ಲಿ ಕೇಡು ಮಾಡುತ್ತದೆ: ಕೊಳೆಯುವಾಗ ಆಕ್ಸಿಜನ್ ತೆಗೆದುಕೊಳ್ಳುತ್ತದೆ, ಕೊಳೆತ ಮೇಲೆ ಹಸಿರಿಗೆ ಗೊಬ್ಬರವಾಗುತ್ತದೆ. ಹೀಗಾಗಿ ಕೊರತೆ ತುದಿ ಮುಟ್ಟುವುದು ಸೂರ್ಯ ಹುಟ್ಟುವ ಮುಂಚಿನ ಗಳಿಗೆಯಲ್ಲಿ. ನಮ್ಮ ಶಿಕ್ಷಕರ ಫೋನ್ ಬಂದದ್ದೂ ಆಗಲೇ.

ಇದನ್ನು ಮುಂಚಿತವಾಗಿ ತಿಳಿಯಲು 1865ರಲ್ಲಿ ಇಟಲಿಯ ಖಗೋಳ ವಿಜ್ಞಾನಿ ಆಂಜೆಲೋ ಸೆಕ್ಕಿ ಬಳಸಿದ ಸರಳ ಉಪಾಯವಿದೆ. 20 ಸೆಂ.ಮೀ. ವ್ಯಾಸದ ತಗಡಿನ ಬಿಲ್ಲೆಯನ್ನು ನಾಲ್ಕು ಭಾಗ ಮಾಡಿ ಕಪ್ಪು, ಬಿಳಿ ಬಣ್ಣ ಬಳಿಯಿರಿ. ನಡುವೆ ಗುರುತು ಹಾಕಿದ ದಾರ ಕಟ್ಟಿ, ಅಡಿಯಲ್ಲಿ ಭಾರ ತೂಗಿಸಿ ನೀರಿಗೆ ಇಳಿಸಿ. ಬಿಲ್ಲೆ 20ರಿಂದ 40 ಸೆಂ.ಮೀ. ಆಳದಲ್ಲಿ ಮರೆಯಾದರೆ ನೀರು ಸರಿಯಾಗಿದೆ. ನೀರು ಹಸಿರಾಗಿದ್ದು 20ಕ್ಕಿಂತ ಮೊದಲೇ ಮರೆಯಾದರೆ ಮೇವು, ಸಗಣಿ ಎರಡನ್ನೂ ನಿಲ್ಲಿಸಿ. ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಪಂಪು ಹಚ್ಚಿ ಹೊಂಡದ ನೀರನ್ನೇ ತೂತು ತಗಡಿನ ಮೂಲಕ ಎತ್ತರದಿಂದ ಬೀಳಿಸಿ. ಹನಿ ಚಿಕ್ಕದಾದಷ್ಟೂ ಗಾಳಿಗೆ ತಾಗುವ ಮೇಲ್ಮೈ ಹೆಚ್ಚು. ಜನವರಿಯಿಂದಲೇ ಗಾಳ ಹಾಕಿ ದೊಡ್ಡ ಮೀನುಗಳನ್ನು ತೆಗೆಯುತ್ತ ಬಂದರೆ ನೀರು ಇಳಿದಂತೆ ಭಾರವೂ ಇಳಿಯುತ್ತದೆ.

ಎಲ್ಲಕ್ಕಿಂತ ಮೊದಲು

ಹೊಂಡಕ್ಕೆ ಮೀನಿಗಿಂತ ಮೊದಲು ಬೇಲಿ ಬರಬೇಕು. 45 ಡಿಗ್ರಿ ಇಳಿಜಾರಿನಲ್ಲಿ ಜಾರದೆ ನಿಲ್ಲಲು ಘರ್ಷಣಾಂಕ ಕನಿಷ್ಠ 1 ಇರಬೇಕು. ಪಾಚಿಗಟ್ಟಿದ ಒದ್ದೆ ಪ್ಲಾಸ್ಟಿಕ್‌ನಲ್ಲಿ ಅದು ಇದಕ್ಕಿಂತ ಬಹಳ ಕಡಿಮೆ. ಆದ್ದರಿಂದಲೇ ಇಂಥ ಹೊಂಡಕ್ಕೆ ಬಿದ್ದ ಮಗು, ಕಾಪಾಡಲು ಇಳಿದ ದೊಡ್ಡವರು, ಇಬ್ಬರೂ ಮೇಲೆ ಬರಲಾರರು. ಈಜು ಬಂದರೂ ಇಲ್ಲಿ ಸಾಲದು. ಎದೆಯೆತ್ತರದ ಬೇಲಿ, ಬೀಗವಿರುವ ಬಾಗಿಲು, ನಾಲ್ಕೂ ಬದಿಯಲ್ಲಿ ಗೂಟಕ್ಕೆ ಕಟ್ಟಿ ನೀರಿನ ತನಕ ಇಳಿಬಿಟ್ಟ ಗಂಟುಹಗ್ಗ, ಒಂದು ಬದಿಗೆ ಮೆಟ್ಟಿಲು, ಗಾಳಿ ತುಂಬಿದ ಒಂದು ಹಳೆಯ ಟ್ಯೂಬು ಇವಿಷ್ಟೂ ಇಲ್ಲದ ಹೊಂಡದ ಬಳಿಗೆ ಮಕ್ಕಳನ್ನು ಗಾಳ ಹಿಡಿದು ಕಳಿಸಬೇಡಿ.

ಶಿಕ್ಷಕರು ತಮ್ಮೂರಿನ ಹೊಂಡವೊಂದರಲ್ಲಿ, ದೊಡ್ಡವರ ಕಾವಲಿನಲ್ಲಿ, ವಿದ್ಯಾರ್ಥಿಗಳಿಂದ ವಾರಕ್ಕೊಮ್ಮೆ ನೀರಿನ ಮಟ್ಟ, ಬೆಳಗಿನ ಮತ್ತು ಮಧ್ಯಾಹ್ನದ ಉಷ್ಣತೆ, ಬಿಲ್ಲೆ ಮರೆಯಾದ ಆಳ ಇವನ್ನು ಬರೆಸಿಡಲಿ. ಲಕ್ಷ್ಮೇಶ್ವರದ ಆ ಶಿಕ್ಷಕರು ಹಾಗೆ ಮಾಡತೊಡಗಿದ್ದಾರೆ. ಅವರ ಬದುವಿನ ತಂಟೆ ಇನ್ನೂ ಮುಗಿದಿಲ್ಲ. ಆದರೆ ವಿಷದ ಮಾತು ಆ ಮನೆಯಲ್ಲಿ ನಿಂತಿದೆ.