ಉತಾರ ಮತ್ತು ಮೂಲ: ಕಂಪ್ಯೂಟರ್ ತನ್ನ ಉತ್ತರಗಳನ್ನು ಕೂಡಿಟ್ಟುಕೊಳ್ಳುವ ಬಗೆ

ತಾಲೂಕು ಕಚೇರಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಅಲ್ಲಿಗೆ ಬರುವ ಜನರು ನೂರಾರು, ಆದರೆ ಕೇಳುವ ಪ್ರಶ್ನೆಗಳು ನಾಲ್ಕೋ ಐದೋ ಮಾತ್ರ. ಈ ಜಮೀನು ಯಾರ ಹೆಸರಿನಲ್ಲಿದೆ? ಎಷ್ಟು ಎಕರೆ? ಸಾಲ ಉಂಟೇ? ಈ ಸಲ ಯಾವ ಬೆಳೆ? ಇದೇ ಪ್ರಶ್ನೆಯನ್ನು ರೈತ ಕೇಳುತ್ತಾನೆ, ಬ್ಯಾಂಕಿನವರು ಕೇಳುತ್ತಾರೆ, ವಿಮೆಯವರೂ ಕೇಳುತ್ತಾರೆ. ಪ್ರತಿ ಸಲವೂ ಕಂಪ್ಯೂಟರ್ ಮೊದಲಿನಿಂದ ಹುಡುಕಿ ಲೆಕ್ಕ ಹಾಕಬೇಕೇ? ಅಥವಾ ಒಮ್ಮೆ ಸಿಕ್ಕಿದ ಉತ್ತರವನ್ನು ಬರೆದಿಟ್ಟುಕೊಂಡು ಮುಂದಿನವರಿಗೂ ಅದನ್ನೇ ಕೊಡಬಹುದೇ? ಈ ಲೇಖನದಲ್ಲಿ ನಾವು ಅದನ್ನೇ ನೋಡೋಣ. ವಿಷಯ ಕಂಪ್ಯೂಟರಿನದ್ದಾದರೂ ಅದರ ಬಿಸಿ ತಟ್ಟುವುದು ಹೊಲದಲ್ಲಿ ದುಡಿಯುವವರಿಗೆ.

ಉದಾಹರಣೆಗಾಗಿ ಕರಾವಳಿಯಿಂದ ಘಟ್ಟ ಹತ್ತಿ ಧಾರವಾಡ ಜಿಲ್ಲೆಗೆ ಹೋಗೋಣ. ಅದಕ್ಕೆ ಕಾರಣ ಒಂದು ಪದ. ಕುಂದಗೋಳ ತಾಲೂಕಿನ ಕುಬಿಹಾಳ ಎಂಬ ಹಳ್ಳಿಯನ್ನು ತೆಗೆದುಕೊಳ್ಳಿ. ಹತ್ತಿ, ಹೆಸರು, ಶೇಂಗಾ, ಮೆಣಸಿನಕಾಯಿ, ಹಿಂಗಾರಿಗೆ ಜೋಳ, ಕಡಲೆ ಬೆಳೆಯುವ ಸೀಮೆ ಅದು. ನಾವು ಇಲ್ಲಿ ಆರ್‌ಟಿಸಿ ಅಥವಾ ಪಹಣಿ ಎನ್ನುವ ಕಾಗದವನ್ನು ಅಲ್ಲಿಯವರು ‘ಉತಾರ’ ಎನ್ನುತ್ತಾರೆ. ಧಾರವಾಡ ಜಿಲ್ಲೆ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತದಲ್ಲಿ ಇದ್ದುದರಿಂದ ಮರಾಠಿಯ ಕಂದಾಯ ಪದಗಳು ಅಲ್ಲಿ ಉಳಿದುಕೊಂಡಿವೆ. ಮುಂಬಯಿಯಲ್ಲಿ ನೆಲೆಸಿದ ನಮ್ಮ ಓದುಗರು ‘ಸಾತ್ ಬಾರಾ ಉತಾರಾ’ ಎಂಬುದನ್ನು ಕೇಳಿರಬಹುದು. ಉತಾರ ಎಂದರೆ ಮೂಲ ಪುಸ್ತಕದಿಂದ ಇಳಿಸಿಕೊಂಡದ್ದು, ನಕಲು ಮಾಡಿಕೊಂಡ ಭಾಗ. ಕಂಪ್ಯೂಟರ್ ಕೂಡಿಟ್ಟುಕೊಳ್ಳುವ ಉತ್ತರವೂ ಒಂದು ಉತಾರವೇ. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಕೈಬರಹದಿಂದ ಕಂಪ್ಯೂಟರಿಗೆ

ಕರ್ನಾಟಕದ ಪಹಣಿಗಳು ಬಹುಕಾಲ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಲ್ಲಿದ್ದವು. ಇವನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ 2000ದ ಆಸುಪಾಸಿನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂತು. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಹೀಗೆ ಕಂಪ್ಯೂಟರಿಗೆ ಬಂದವು. ತಾಲೂಕು ಕೇಂದ್ರದ ಕಿಟಕಿಯಲ್ಲಿ ಆರಂಭದ ದಿನಗಳಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಸಿಗುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು.

ಒಂದು ಪಹಣಿಯಲ್ಲಿ ಏನೇನಿದೆ ನೋಡಿ. ಸರ್ವೆ ನಂಬರು, ವಿಸ್ತೀರ್ಣ, ಮಣ್ಣಿನ ನಮೂನೆ, ಮಾಲೀಕರ ಹೆಸರು, ಜಮೀನು ಅವರಿಗೆ ಬಂದ ರೀತಿ, 11ನೇ ಕಾಲಂನಲ್ಲಿ ಇತರ ಹಕ್ಕು ಹಾಗೂ ಋಣಗಳು, ಕೊನೆಗೆ ಬೆಳೆಯ ವಿವರ. ಇವೆಲ್ಲ ಬೇರೆ ಬೇರೆ ಕಾಲಕ್ಕೆ ಬದಲಾಗುವ ಸಂಗತಿಗಳು. ವಿಸ್ತೀರ್ಣ ತಲೆಮಾರಿಗೊಮ್ಮೆ ಬದಲಾದೀತು, ಸಾಲ ವರ್ಷಕ್ಕೊಮ್ಮೆ, ಬೆಳೆಯಾದರೋ ಮುಂಗಾರಿಗೊಮ್ಮೆ ಹಿಂಗಾರಿಗೊಮ್ಮೆ.

ಹೀಗೆ ಬೇರೆ ಬೇರೆ ಸಂಗತಿಗಳನ್ನು ಬೇರೆ ಬೇರೆ ಕೋಷ್ಟಕಗಳಲ್ಲಿಟ್ಟು, ಬೇಕಾದಾಗ ಜೋಡಿಸಿಕೊಳ್ಳುವ ವಿಧಾನಕ್ಕೆ ರಿಲೇಶನಲ್ ಡೇಟಾಬೇಸ್ ಎಂದು ಹೆಸರು. ಐಬಿಎಂ ಕಂಪೆನಿಯ ಸಂಶೋಧಕ ಎಡ್ಗರ್ ಕಾಡ್ ಅವರು 1970ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ವಿಚಾರವನ್ನು ಮುಂದಿಟ್ಟರು. ಇದರ ಮುಖ್ಯ ನಿಯಮ ಸರಳ: ಒಂದು ಸಂಗತಿ ಒಂದೇ ಕಡೆ ಇರಲಿ. ಮಾಲೀಕನ ಹೆಸರು ಹತ್ತು ಕಡೆ ಬರೆದಿದ್ದರೆ ಬದಲಾಯಿಸುವಾಗ ಒಂಬತ್ತು ಕಡೆ ತಿದ್ದಿ ಒಂದು ಕಡೆ ಬಿಟ್ಟುಹೋಗುವುದು ಮನುಷ್ಯ ಸಹಜ. ನಾವು ಪ್ರಶ್ನೆ ಕೇಳಿದಾಗ ಡೇಟಾಬೇಸ್ ಈ ಕೋಷ್ಟಕಗಳನ್ನು ಜೋಡಿಸಿ, ಬೇಡದ ಸಾಲುಗಳನ್ನು ಬಿಟ್ಟು, ಕೂಡಿಸಿ, ಉತ್ತರ ಕೊಡುತ್ತದೆ. ಈ ಪ್ರಶ್ನೆಗೆ ಕ್ವೆರಿ ಎನ್ನುತ್ತಾರೆ.

ಕೂಡಿಡುವುದು ಏಕೆ ಬೇಕು?

ಒಂದು ಲೆಕ್ಕ ಹಾಕೋಣ. ಸಂಖ್ಯೆಗಳು ಲೆಕ್ಕದ ಸುಲಭಕ್ಕಾಗಿ ನಾವೇ ಹಿಡಿದವು. ಒಂದು ಹಳ್ಳಿಯಲ್ಲಿ 1,000 ಹಿಡುವಳಿಗಳು, ವರ್ಷಕ್ಕೆ ಎರಡು ಹಂಗಾಮು, 20 ವರ್ಷಗಳ ಬೆಳೆ ದಾಖಲೆ. ಅಲ್ಲಿಗೆ ಒಂದು ಹಳ್ಳಿಗೆ 40,000 ಸಾಲುಗಳಾದವು. ತಾಲೂಕಿನಲ್ಲಿ ಇಂತಹ 50 ಹಳ್ಳಿಗಳಿದ್ದರೆ 20 ಲಕ್ಷ ಸಾಲುಗಳು. ‘ಪ್ರತಿ ಹಳ್ಳಿಯಲ್ಲಿ ಪ್ರತಿ ಹಂಗಾಮಿನಲ್ಲಿ ಯಾವ ಬೆಳೆ ಎಷ್ಟು ಎಕರೆ?’ ಎಂದು ಕೇಳಿದೊಡನೆ ಕಂಪ್ಯೂಟರ್ ಈ 20 ಲಕ್ಷ ಸಾಲುಗಳನ್ನು ಓದಬೇಕು. ಹಂಗಾಮಿಗೆ ಹತ್ತು ಬೆಳೆಗಳೆಂದರೆ ಉತ್ತರದಲ್ಲಿ ಇರುವುದು 20,000 ಸಾಲುಗಳು ಮಾತ್ರ, ಅಂದರೆ ನೂರರಲ್ಲಿ ಒಂದು ಪಾಲು. ದಿನಕ್ಕೆ ಇನ್ನೂರು ಮಂದಿ ಇದನ್ನು ಕೇಳಿದರೆ ಇನ್ನೂರು ಸಲ ಓದುವುದಕ್ಕಿಂತ ಉತ್ತರವನ್ನು ಒಮ್ಮೆ ಬರೆದಿಟ್ಟು ಅದನ್ನೇ ತೋರಿಸುವುದು ಲೇಸಲ್ಲವೇ?

ಇದನ್ನು ಮಾಡುವ ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು, ಡೇಟಾಬೇಸ್ ತಾನಾಗಿಯೇ ಉತ್ತರವನ್ನು ನೆನಪಿನಲ್ಲಿಡುವುದು. ಮೈಎಸ್‌ಕ್ಯೂಎಲ್ ಎಂಬ ಜನಪ್ರಿಯ ತಂತ್ರಾಂಶದಲ್ಲಿ 2001ರ ಹೊತ್ತಿಗೆ ‘ಕ್ವೆರಿ ಕ್ಯಾಶ್’ ಎಂಬ ಸೌಲಭ್ಯ ಬಂತು. ಅಕ್ಷರಕ್ಕೆ ಅಕ್ಷರ ಅದೇ ಪ್ರಶ್ನೆ ಮತ್ತೆ ಬಂದರೆ ಹಳೆಯ ಉತ್ತರವನ್ನೇ ಕೊಡುವುದು ಇದರ ಕೆಲಸ. ಆದರೆ ಕೋಷ್ಟಕದಲ್ಲಿ ಒಂದೇ ಒಂದು ಸಾಲು ಬದಲಾದರೂ ಆ ಕೋಷ್ಟಕಕ್ಕೆ ಸಂಬಂಧಿಸಿದ ಎಲ್ಲ ಉತ್ತರಗಳನ್ನೂ ಅದು ಎಸೆದುಬಿಡುತ್ತಿತ್ತು. ಬರವಣಿಗೆ ಹೆಚ್ಚಿರುವ ಕಡೆ ಕೂಡಿಡುವುದು, ಎಸೆಯುವುದು, ಇದೇ ಕೆಲಸವಾಯಿತು. ಹಲವು ಪ್ರೊಸೆಸರುಗಳಿರುವ ಯಂತ್ರಗಳಲ್ಲಿ ಈ ಕ್ಯಾಶಿನ ಬಾಗಿಲಲ್ಲೇ ಎಲ್ಲರೂ ಸಾಲು ನಿಲ್ಲುವಂತಾಯಿತು. ಕೊನೆಗೆ 2018ರಲ್ಲಿ ಬಂದ 8.0 ಆವೃತ್ತಿಯಿಂದ ಅದನ್ನು ಕಿತ್ತುಹಾಕಲಾಯಿತು. ವೇಗಕ್ಕೆಂದು ಮಾಡಿದ್ದೇ ವೇಗಕ್ಕೆ ಅಡ್ಡಿಯಾದ ಉದಾಹರಣೆ ಇದು.

ಎರಡನೆಯದು, ಮೆಟೀರಿಯಲೈಸ್ಡ್ ವ್ಯೂ. ಬರಿಯ ‘ವ್ಯೂ’ ಎಂದರೆ ಹೆಸರಿಟ್ಟು ಉಳಿಸಿದ ಪ್ರಶ್ನೆ. ಅದರಲ್ಲಿ ಉತ್ತರ ಇರುವುದಿಲ್ಲ, ಕೇಳಿದಾಗಲೆಲ್ಲ ಹೊಸದಾಗಿ ಹುಡುಕುತ್ತದೆ. ಮೆಟೀರಿಯಲೈಸ್ಡ್ ವ್ಯೂ ಎಂದರೆ ಪ್ರಶ್ನೆಯ ಜೊತೆಗೆ ಉತ್ತರವನ್ನೂ ಡಿಸ್ಕಿನಲ್ಲಿ ಬರೆದಿಡುವುದು. ಮೊದಲನೆಯದು ಪುಸ್ತಕದ ಕಡೆಗೆ ತೋರಿಸುವ ಬೆರಳು, ಎರಡನೆಯದು ಕೈಗೆ ಸಿಕ್ಕಿದ ಉತಾರ. ಒರಾಕಲ್ ಇದನ್ನು ಮೊದಲು ‘ಸ್ನ್ಯಾಪ್‌ಶಾಟ್’ ಎಂದು ಕರೆಯುತ್ತಿತ್ತು, 1999ರ 8ಐ ಆವೃತ್ತಿಯಿಂದ ಈಗಿನ ಹೆಸರು ಬಂತು. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ 2000ರಲ್ಲಿ ಇದರ ಸೋದರನಾದ ಇಂಡೆಕ್ಸ್ಡ್ ವ್ಯೂ ಬಂತು. ಉಚಿತವಾಗಿ ಸಿಗುವ ಪೋಸ್ಟ್‌ಗ್ರೆಸ್‌ನಲ್ಲಿ 2013ರ 9.3 ಆವೃತ್ತಿಯಿಂದ ಇದು ಲಭ್ಯ.

ಮೂರನೆಯದು, ತಂತ್ರಾಂಶ ಬರೆಯುವವರೇ ಸಾರಾಂಶದ ಕೋಷ್ಟಕವೊಂದನ್ನು ಮಾಡಿ ಉತ್ತರಗಳನ್ನು ತುಂಬಿಸುವುದು. ಯಾವ ಡೇಟಾಬೇಸಿನಲ್ಲಿಯೂ ಇದು ಸಾಧ್ಯ. ಆದರೆ ಅದನ್ನು ಹೊಸದಾಗಿಡುವ ಜವಾಬ್ದಾರಿ ಪೂರ್ತಿಯಾಗಿ ಬರೆದವರದೇ.

ಹಳೆಯದಾದರೆ ಏನು ಗತಿ?

ಉತ್ತರ ಕೂಡಿಡುವುದು ಸುಲಭ. ಅದು ಯಾವಾಗ ಸುಳ್ಳಾಯಿತು ಎಂದು ತಿಳಿಯುವುದು ಕಷ್ಟ. ಕಾಡ್ ಅವರ ನಿಯಮ ಒಂದು ಸಂಗತಿ ಒಂದೇ ಕಡೆ ಇರಲಿ ಎಂದಿತು, ನಾವು ವೇಗಕ್ಕಾಗಿ ಎರಡನೆಯ ಪ್ರತಿ ಮಾಡಿಕೊಂಡೆವು. ಇನ್ನು ಎರಡೂ ಬೇರೆ ಬೇರೆ ಮಾತಾಡುವ ಅಪಾಯ ಇದ್ದೇ ಇದೆ.

ಕುಬಿಹಾಳದಂತಹ ಹಳ್ಳಿಯ ಒಬ್ಬ ರೈತನನ್ನು ಕಲ್ಪಿಸಿಕೊಳ್ಳಿ. ಮೇ ತಿಂಗಳಲ್ಲಿ ಸಾಲ ತೀರಿಸಿದ. ಮೂಲದಲ್ಲಿ 11ನೇ ಕಾಲಂನ ಋಣ ತೆಗೆದುಹಾಕಲಾಯಿತು. ಆದರೆ ಹೊಸ ಸಾಲ ಕೊಡುವವರು ನೋಡುವ ಪಟ್ಟಿ ಏಪ್ರಿಲಿನ ಉತಾರ. ಅಲ್ಲಿ ಅವನಿನ್ನೂ ಸಾಲಗಾರ. ಬಿತ್ತನೆಯ ಹೊತ್ತು ಯಾರಿಗೂ ಕಾಯುವುದಿಲ್ಲ. ಇನ್ನೊಬ್ಬನು ಹತ್ತಿ ಎಂದು ವಿಮೆಗೆ ಬರೆಸಿ ಮಳೆ ನೋಡಿ ಹೆಸರು ಬಿತ್ತಿದ. ವಿಮೆಗೆ ನೋಂದಾಯಿಸಿದ ಬೆಳೆಗೂ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆಗೂ ತಾಳೆಯಾಗದಿದ್ದರೆ ಪರಿಹಾರ ಸಿಗುವುದು ಕಷ್ಟವೆಂದು ರೈತರೆಲ್ಲರೂ ಬಲ್ಲರು. ಇಲ್ಲಿ ಕಂಪ್ಯೂಟರ್ ಕೆಟ್ಟಿಲ್ಲ, ಲೆಕ್ಕವೂ ತಪ್ಪಿಲ್ಲ. ನಿನ್ನೆಯ ಸತ್ಯವನ್ನು ಇಂದಿನ ಸತ್ಯವೆಂದು ಓದಿದ್ದೇ ತೊಂದರೆ.

ಆದುದರಿಂದ ಕೂಡಿಟ್ಟ ಉತ್ತರವನ್ನು ಹೊಸದಾಗಿಸುವ ಕ್ರಮ ಮೊದಲೇ ನಿಶ್ಚಯವಾಗಬೇಕು. ಮೂಲ ಬದಲಾದ ಕ್ಷಣವೇ ಉತಾರವನ್ನೂ ಬದಲಾಯಿಸುವುದು ಒಂದು ಕ್ರಮ. ಇಂಡೆಕ್ಸ್ಡ್ ವ್ಯೂ ಹೀಗೆಯೇ ನಡೆಯುತ್ತದೆ, ಒರಾಕಲ್‌ನಲ್ಲಿಯೂ ಹೀಗೆ ಹೇಳಬಹುದು. ಉತ್ತರ ಸದಾ ಹೊಸದು, ಆದರೆ ಪ್ರತಿ ಬರವಣಿಗೆಯೂ ನಿಧಾನ. ದಿನಕ್ಕೊಮ್ಮೆ, ಅಂದರೆ ಕಚೇರಿ ಮುಚ್ಚಿದ ಮೇಲೆ ರಾತ್ರಿ ಹೊಸದಾಗಿಸುವುದು ಇನ್ನೊಂದು. ಯಾರಾದರೂ ಹೇಳಿದಾಗ ಮಾತ್ರ ಹೊಸದಾಗಿಸುವುದು ಮೂರನೆಯದು. ಪೋಸ್ಟ್‌ಗ್ರೆಸ್ ಈ ಮೂರನೆಯ ಬಗೆಯದು. ‘ರಿಫ್ರೆಶ್’ ಎಂಬ ಆಜ್ಞೆ ಕೊಡದೆ ಅದು ತಾನಾಗಿ ಏನೂ ಮಾಡುವುದಿಲ್ಲ.

ಹೊಸದಾಗಿಸುವಾಗ ಇಡೀ 20 ಲಕ್ಷ ಸಾಲು ಮತ್ತೆ ಓದಬೇಕೆಂದೇನೂ ಇಲ್ಲ. 2 ಎಕರೆ 20 ಗುಂಟೆಯಲ್ಲಿ ಹತ್ತಿಯ ಬದಲು ಹೆಸರು ಎಂದಾದರೆ ಹತ್ತಿಯ ಮೊತ್ತದಿಂದ 2 ಎಕರೆ 20 ಗುಂಟೆ ಕಳೆದು ಹೆಸರಿನ ಮೊತ್ತಕ್ಕೆ ಕೂಡಿದರೆ ಸಾಕು. ಎರಡೂ ಒಟ್ಟಿಗೆ ಆಗಬೇಕು, ಇಲ್ಲವೇ ಎರಡೂ ಆಗಬಾರದು. ನಡುವೆ ವಿದ್ಯುತ್ ಹೋದರೆ ಊರಿನ ಭೂಮಿಯೇ ಕಡಿಮೆಯಾಗಿಬಿಡುತ್ತದೆ. ಮೊತ್ತಕ್ಕೆ, ಎಣಿಕೆಗೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಸರಾಸರಿ ಬೇಕಾದರೆ ಮೊತ್ತವನ್ನೂ ಎಣಿಕೆಯನ್ನೂ ಇಟ್ಟುಕೊಂಡು ಭಾಗಿಸಬಹುದು. ಆದರೆ ‘ಊರಿನ ಅತಿ ದೊಡ್ಡ ಹಿಡುವಳಿ ಯಾವುದು?’ ಎಂಬಂತಹ ಉತ್ತರಕ್ಕೆ ಇದು ಸಾಲದು. ಆ ದೊಡ್ಡ ಹಿಡುವಳಿಯೇ ಅಣ್ಣತಮ್ಮಂದಿರಲ್ಲಿ ಪಾಲಾದರೆ ಎರಡನೆಯ ಸ್ಥಾನ ಯಾರದೆಂದು ಮೂಲದಲ್ಲೇ ಹುಡುಕಬೇಕು.

ಕಾನೂನು ಹೇಳುವುದೇನು?

ಈ ಸಮಸ್ಯೆ ಕಂಪ್ಯೂಟರಿಗಿಂತ ಹಳೆಯದು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 133ನೇ ಕಲಮು ಹಕ್ಕು ದಾಖಲೆಯ ನಮೂದನ್ನು ಸರಿಯೆಂದೇ ಭಾವಿಸಬೇಕು ಎನ್ನುತ್ತದೆ. ಎಲ್ಲಿಯವರೆಗೆ? ಅದು ತಪ್ಪೆಂದು ಸಾಬೀತಾಗುವವರೆಗೆ, ಅಥವಾ ಕಾನೂನು ಪ್ರಕಾರ ಹೊಸ ನಮೂದು ಅದರ ಜಾಗಕ್ಕೆ ಬರುವವರೆಗೆ. ಬರೆದಿಟ್ಟದ್ದನ್ನು ನಂಬಿ, ಆದರೆ ಅದನ್ನು ತಿದ್ದುವ ದಾರಿ ತೆರೆದಿಡಿ ಎಂಬುದು ಇದರ ತಾತ್ಪರ್ಯ.

ಇನ್ನೊಂದು ಉದಾಹರಣೆ 2019ರಲ್ಲಿ ಆರಂಭವಾದ ಪಿಎಂ ಕಿಸಾನ್ ಯೋಜನೆ. ವರ್ಷಕ್ಕೆ 6,000 ರೂಪಾಯಿ ಪಡೆಯಲು ಯಾರು ಅರ್ಹರು ಎಂಬುದಕ್ಕೆ 2019ರ ಫೆಬ್ರವರಿ 1ರಂದು ಭೂದಾಖಲೆ ಹೇಗಿತ್ತೋ ಅದನ್ನೇ ಆಧಾರವಾಗಿ ಹಿಡಿಯಲಾಯಿತು. ಅನಂತರದ ಮಾರಾಟಗಳನ್ನು ಐದು ವರ್ಷ ಪರಿಗಣಿಸುವುದಿಲ್ಲವೆಂದು, ಆದರೆ ಮಾಲೀಕನ ಮರಣದಿಂದ ವಾರಸುದಾರರಿಗೆ ಬಂದ ಜಮೀನಿಗೆ ವಿನಾಯಿತಿ ಎಂದು ನಿಯಮದಲ್ಲಿಯೇ ಹೇಳಲಾಯಿತು. ಇದು ಬೇಕೆಂದೇ ಹಳೆಯದಾಗಿ ಉಳಿಸಿದ ಉತಾರ. ಇಲ್ಲಿ ದಿನಾಂಕ ಎಲ್ಲರಿಗೂ ಗೊತ್ತಿದೆ, ಯಾವ ಬದಲಾವಣೆಗೆ ಬಾಗಿಲು ತೆರೆದಿದೆ ಎಂಬುದೂ ಗೊತ್ತಿದೆ. ಹಳೆಯ ಉತ್ತರದಿಂದ ಹಾನಿಯಾಗುವುದು ಅದು ಹಳೆಯದೆಂದು ಯಾರಿಗೂ ತಿಳಿಯದಿದ್ದಾಗ.

ನೆನಪಿಡಬೇಕಾದದ್ದು

ಯಾವುದನ್ನು ಕೂಡಿಡಬೇಕು? ಹುಡುಕಲು ದುಬಾರಿ, ಕೇಳುವವರು ಬಹಳ, ಬದಲಾಗುವುದು ಅಪರೂಪ. ಈ ಮೂರೂ ಸೇರಿದ ಪ್ರಶ್ನೆಯ ಉತ್ತರವನ್ನು ಧಾರಾಳವಾಗಿ ಕೂಡಿಡಬಹುದು. ಕಳೆದ ವರ್ಷಗಳ ಬೆಳೆ ವಿಸ್ತೀರ್ಣ ಇದಕ್ಕೆ ಒಳ್ಳೆಯ ಉದಾಹರಣೆ, ಮುಗಿದ ಹಂಗಾಮು ಮತ್ತೆ ಬದಲಾಗುವುದು ವಿರಳ. ಆದರೆ ಒಬ್ಬನ ಹಕ್ಕನ್ನೋ ಸಾಲವನ್ನೋ ಪರಿಹಾರವನ್ನೋ ತೀರ್ಮಾನಿಸುವ ಹೊತ್ತಿನಲ್ಲಿ ಮೂಲವನ್ನೇ ಕೇಳಬೇಕು. ಒಂದು ಸೆಕೆಂಡ್ ಹೆಚ್ಚು ಹಿಡಿದರೆ ಹಿಡಿಯಲಿ. ಇನ್ನೊಂದು ಎಚ್ಚರಿಕೆಯೂ ಬೇಕು. ಅಧಿಕಾರಿಗೆಂದು ತೆಗೆದಿಟ್ಟ ಉತ್ತರ ಕಿಟಕಿಯಲ್ಲಿ ನಿಂತ ಅಪರಿಚಿತನಿಗೆ ಸಿಗಬಾರದು. ಉತ್ತರದ ಜೊತೆಗೆ ಅದನ್ನು ಯಾರು ನೋಡಬಹುದು ಎಂಬ ನಿಯಮವೂ ಕೂಡಿರಬೇಕು.

ತಂತ್ರಾಂಶ ಬರೆಯುವ ನಮ್ಮ ಯುವಜನರಿಗೆ ಒಂದು ಕೋರಿಕೆ. ಕೂಡಿಟ್ಟ ಉತ್ತರವನ್ನು ತೆರೆಯ ಮೇಲೆ ತೋರಿಸುವಾಗ ‘ಇದು ಇಂತಹ ದಿನ, ಇಂತಹ ಗಂಟೆಯ ಸ್ಥಿತಿ’ ಎಂಬ ಒಂದು ಸಾಲನ್ನು ಸೇರಿಸಿ. ಅದಕ್ಕೆ ತಗಲುವ ಶ್ರಮ ಅತ್ಯಲ್ಪ. ಕಾಗದ ಹಿಡಿದು ಕಚೇರಿಗೆ ಹೋಗುವ ಉಳಿದವರು ಉತಾರ ಕೈಗೆ ಬಂದೊಡನೆ ಹೆಸರಿನ ಕಡೆ ನೋಡುವ ಮೊದಲು ದಿನಾಂಕದ ಕಡೆ ನೋಡುವ ಅಭ್ಯಾಸ ಮಾಡಿಕೊಳ್ಳೋಣ. ಕಾಗದ ಹಳೆಯದಾಗಿದ್ದರೆ ‘ದಯವಿಟ್ಟು ಮೂಲ ನೋಡಿ’ ಎಂದು ಕೇಳುವ ಹಕ್ಕು ನಮಗಿದೆ.